ಬ್ರೌಸರಿನಲ್ಲಿ ಕಡತಗಳ ಪ್ರಕಾರನಿರ್ಣಯ

ಗ್ರಂಥಭಂಡಾರವೊಂದರ ಜಾಲತಾಣದಲ್ಲಿ ಒಂದೇ ಪಟ್ಟಿಯೊಳಗಿರುವ ಮೂರು ಹೆಸರುಗಳನ್ನು ವಾಚಕನು ಒಂದಾದಮೇಲೊಂದು ಒತ್ತುತ್ತಾನೆಂದು ಭಾವಿಸಬಹುದು. ಮೊದಲನೆಯದು ಅಲ್ಲಿಯೇ ಪುಟವಾಗಿ ತೆರೆದುಕೊಳ್ಳುತ್ತದೆ. ಎರಡನೆಯದು ಕಣ್ಣಿಗೆ ಕಾಣದೆ ಡೌನ್‌ಲೋಡ್ ಎಂಬ ಕೋಶಕ್ಕೆ ಹೋಗಿ ಬೀಳುತ್ತದೆ. ಮೂರನೆಯದು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಪರದೆಯನ್ನು ತುಂಬುತ್ತದೆ. ಇಂತಹ ಸಂದರ್ಭದಲ್ಲಿ ಕಡತವೇ ಕೆಟ್ಟಿದೆಯೆಂದು ಹೇಳುವುದು ವಾಡಿಕೆ. ಬಹುಮಟ್ಟಿಗೆ ಕಡತವು ಕೆಟ್ಟಿರುವುದಿಲ್ಲ; ಬಂದ ವಸ್ತು ಇಂಥದೆಂದು ಬ್ರೌಸರು ಮಾಡಿದ ನಿರ್ಣಯದಿಂದಲೇ ಈ ವ್ಯತ್ಯಾಸಗಳು ಉಂಟಾಗುತ್ತವೆ. ಹಳೆಯ ಪತ್ರಿಕೆಗಳ ಸಂಚಿಕೆಗಳು, ಶಾಸನಗಳ ಛಾಯಾಚಿತ್ರಗಳು, ನಿಘಂಟುಗಳು ಮೊದಲಾದುವನ್ನು ಇಂದಿನ ಸಾಹಿತ್ಯಾಭ್ಯಾಸಿಗಳು ಬ್ರೌಸರಿನ ಮೂಲಕವೇ ಕಾಣುತ್ತಿರುವುದರಿಂದ, ಈ ನಿರ್ಣಯದ ಕ್ರಮವೇನು, ಅದು ಹೇಗಿರತಕ್ಕದ್ದು ಎಂಬ ವಿಚಾರವನ್ನು ಯಂತ್ರಜ್ಞರಿಗೇ ಬಿಟ್ಟುಕೊಡುವುದು ಯುಕ್ತವಲ್ಲ.

ಈ ನಿರ್ಣಯದಲ್ಲಿ ಮೂರು ಪ್ರಶ್ನೆಗಳು ಬೆರೆತುಕೊಂಡಿವೆ. ಬಂದುದು ಯಾವ ಪ್ರಕಾರದ ವಸ್ತು? ಅದನ್ನು ಬ್ರೌಸರು ತಾನೇ ತೋರಿಸಬೇಕೆ, ಬೇರೊಂದು ಸಾಧನಕ್ಕೆ ಒಪ್ಪಿಸಬೇಕೆ? ಅದು ಲಿಖಿತಪಾಠವಾಗಿದ್ದರೆ ಯಾವ ಸಂಕೇತಪದ್ಧತಿಯನ್ನನುಸರಿಸಿ ಓದಬೇಕು? ಮೊದಲನೆಯ ಪ್ರಶ್ನೆಯೇ ಮೂಲಭೂತವಾದುದು. ಅದರಲ್ಲಿ ತಪ್ಪಿದರೆ ಉಳಿದೆರಡೂ ನಿಲ್ಲಲಾರವು.

ಕಡತವೆಂಬುದು ಸ್ವತಃ ಬೈಟುಗಳ, ಎಂದರೆ ಸೊನ್ನೆಯಿಂದ ೨೫೫ರವರೆಗಿನ ಸಂಖ್ಯೆಗಳ, ಒಂದು ಸಾಲು ಮಾತ್ರ. ಅದು ಚಿತ್ರವೋ ಪದ್ಯವೋ ಸಂಗೀತವೋ ಎಂಬುದು ಆ ಸಂಖ್ಯೆಗಳ ಮೇಲೆ ಬರೆದಿರುವುದಿಲ್ಲ. ಆದುದರಿಂದ ಬ್ರೌಸರು ಸಾಕ್ಷಿಗಳನ್ನು ಹುಡುಕಬೇಕಾಗುತ್ತದೆ. ದೊರೆಯುವ ಸಾಕ್ಷಿಗಳು ಮೂರು ಬಗೆ: ಕಡತದ ಹೆಸರಿನ ಕೊನೆಯ ಪ್ರತ್ಯಯ, ಕಡತದ ಒಳಗಿನ ಆದಿಚಿಹ್ನೆ, ಕಳುಹಿಸಿದ ಸರ್ವರು ಜೊತೆಗಿಟ್ಟಿರುವ ಚೀಟಿ. ಓಲೆಗರಿಯ ಕಟ್ಟುಗಳನ್ನು ಪಟ್ಟಿಮಾಡಿದವರಿಗೆ ಈ ವಿಭಾಗವು ಹೊಸದೆನಿಸದು. ಕಟ್ಟಿನ ಮೇಲೆ ಅಂಟಿಸಿದ ಚೀಟಿಯು ಒಂದು ಹೇಳುತ್ತದೆ, ಮೊದಲ ಗರಿಯು ಮತ್ತೊಂದು ಹೇಳುತ್ತದೆ, ಭಂಡಾರದವರ ಬಾಯಿಮಾತು ಮೂರನೆಯದೊಂದನ್ನು ಹೇಳುತ್ತದೆ. ಅಲ್ಲಿ ಮಾತ್ರ ಕಟ್ಟನ್ನು ಬಿಚ್ಚಿ ಪೂರ್ತಿ ಓದಿದಮೇಲೆ ನಿರ್ಣಯ ಹೇಳಲು ಅವಕಾಶವುಂಟು. ಬ್ರೌಸರಿಗೆ ಕ್ಷಣಮಾತ್ರದ ಅವಕಾಶವೂ ಇಲ್ಲ.

ಈ ಮೂರರಲ್ಲಿ ಹೆಸರಿನ ಪ್ರತ್ಯಯವು ಅತ್ಯಂತ ದುರ್ಬಲವಾದುದು. ಮೇಜಿನ ಮೇಲಿನ ಗಣಕದಲ್ಲಿ ಅದಕ್ಕೆ ಬೆಲೆಯಿರುವುದು ನಿಜ. ಜಾಲದಲ್ಲಿಯಾದರೋ ವಿಳಾಸವು ಕಡತದ ಹೆಸರೇ ಅಲ್ಲ. 'ಪಿಎಚ್‌ಪಿ' ಎಂದು ಮುಗಿಯುವ ವಿಳಾಸವು ಒಮ್ಮೆ ಪುಟವನ್ನೂ ಮತ್ತೊಮ್ಮೆ ಚಿತ್ರವನ್ನೂ ಕೊಡಬಹುದು; ಯಾವ ಪ್ರತ್ಯಯವೂ ಇಲ್ಲದ ವಿಳಾಸಗಳೇ ಈಗ ಹೆಚ್ಚು. ಒಳಗಿನ ಆದಿಚಿಹ್ನೆಯು ಇದಕ್ಕಿಂತ ಬಲವಾದುದು. ಪಿಎನ್‌ಜಿ ಚಿತ್ರವು ಎಂಟು ನಿಯತ ಬೈಟುಗಳಿಂದಲೇ ಪ್ರಾರಂಭವಾಗತಕ್ಕದ್ದು. ಪಿಡಿಎಫ್ ಕಡತವು ಶೇಕಡಾ ಚಿಹ್ನೆಯನ್ನೂ ತನ್ನ ಹೆಸರಿನ ಮೂರು ರೋಮನ್ ಅಕ್ಷರಗಳನ್ನೂ ಮೊದಲಿಟ್ಟುಕೊಂಡಿರುತ್ತದೆ. ಜಿಪ್ ಕಡತದ ಆದಿಯಲ್ಲಿರುವ 'ಪಿ', 'ಕೆ' ಎಂಬ ಅಕ್ಷರಗಳು ಆ ಪದ್ಧತಿಯನ್ನು ರಚಿಸಿದ ಫಿಲ್ ಕಾಟ್ಜ್ ಎಂಬಾತನ ಹೆಸರಿನ ಮೊದಲಕ್ಷರಗಳು, ನಾಂದೀಪದ್ಯದಲ್ಲಿ ಅಂಕಿತವಿಟ್ಟಂತೆ. ಆದರೆ ಇಲ್ಲಿಯೂ ತೊಡಕುಂಟು. ವರ್ಡ್ ದಸ್ತಾವೇಜು, ಇ-ಪಬ್ ಎಂಬ ವಿದ್ಯುನ್ಮಾನ ಪುಸ್ತಕ ಇವೆರಡೂ ಒಳಗೆ ಜಿಪ್ ಕಡತಗಳೇ ಆದುದರಿಂದ ಆದಿಚಿಹ್ನೆಯು ಅವನ್ನು ಬೇರ್ಪಡಿಸಲಾರದು. ಸಾಧಾರಣ ಲಿಖಿತಪಾಠಕ್ಕಂತೂ ಸಾಮಾನ್ಯವಾಗಿ ಆದಿಚಿಹ್ನೆಯೇ ಇಲ್ಲ.

ಉಳಿದದ್ದು ಚೀಟಿ. ಟಿಮ್ ಬರ್ನರ್ಸ್-ಲೀ ಅವರು ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ೧೯೯೦ರಲ್ಲಿ ಮೊದಲ ಬ್ರೌಸರನ್ನು ರಚಿಸಿದ ಕಾಲದ ಎಚ್‌ಟಿಟಿಪಿ ನಿಬಂಧನೆಯಲ್ಲಿ ಚೀಟಿಗೆ ಸ್ಥಳವೇ ಇರಲಿಲ್ಲ. ಬರುವ ಉತ್ತರವು ಎಚ್‌ಟಿಎಂಎಲ್ ಪುಟವೆಂದೇ ಗ್ರಹಿಸಲಾಗುತ್ತಿತ್ತು. ಚೀಟಿಯು ಹುಟ್ಟಿದ್ದು ಅಂಚೆಯಲ್ಲಿ. ವಿದ್ಯುನ್ಮಾನ ಅಂಚೆಯೊಳಗೆ ಚಿತ್ರಗಳನ್ನೂ ಧ್ವನಿಯನ್ನೂ ಇಂಗ್ಲಿಷೇತರ ಲಿಪಿಗಳನ್ನೂ ಕಳುಹಿಸಬೇಕೆಂಬ ಉದ್ದೇಶದಿಂದ ನಥಾನಿಯಲ್ ಬೋರೆನ್‌ಸ್ಟೈನ್, ನೆಡ್ ಫ್ರೀಡ್ ಎಂಬಿಬ್ಬರು ೧೯೯೨ರಲ್ಲಿ 'ಮೈಮ್' ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಅದರಂತೆ ಪ್ರತಿಯೊಂದು ವಸ್ತುವಿಗೂ ವರ್ಗ, ಉಪವರ್ಗ ಎಂಬ ಎರಡು ಪದಗಳ ಹೆಸರು: ಟೆಕ್ಸ್ಟ್ ವರ್ಗದಲ್ಲಿ ಪ್ಲೇನ್, ಎಚ್‌ಟಿಎಂಎಲ್, ಇಮೇಜ್ ವರ್ಗದಲ್ಲಿ ಜಿಫ್, ಜೆಪೆಗ್, ಹೀಗೆ. ಏನೆಂದು ಹೇಳಲಾಗದ ವಸ್ತುವಿಗೂ ಒಂದು ಹೆಸರುಂಟು. 'ಅಪ್ಲಿಕೇಷನ್/ಆಕ್ಟೆಟ್-ಸ್ಟ್ರೀಮ್' ಎಂದರೆ ಬರಿಯ ಬೈಟುಗಳ ಪ್ರವಾಹವೆಂದು ಅರ್ಥ. ತಿಳಿಯದುದನ್ನು ತಿಳಿಯದೆಂದೇ ಹೇಳುವ ಈ ಹೆಸರು ಆ ನಿಯಮಾವಳಿಯ ಅತ್ಯುತ್ತಮವಾದ ಅಂಶಗಳಲ್ಲೊಂದು. ೧೯೯೬ರಲ್ಲಿ ಪ್ರಕಟವಾದ ಎಚ್‌ಟಿಟಿಪಿಯ ೧.೦ನೆಯ ನಿಬಂಧನೆಯು ಈ ಪದ್ಧತಿಯನ್ನು 'ಕಂಟೆಂಟ್-ಟೈಪ್' ಎಂಬ ಹೆಸರಿನಿಂದ ಜಾಲಕ್ಕೂ ತಂದಿತು. ವರ್ಗಗಳ ಪಟ್ಟಿ ಬೆಳೆಯುತ್ತಲೇ ಇದೆ. ಅಕ್ಷರರೂಪಗಳಿಗೆಂದು 'ಫಾಂಟ್' ಎಂಬ ಪ್ರತ್ಯೇಕ ವರ್ಗವು ಸೇರಿದುದು ೨೦೧೭ರಲ್ಲಿ.

ಇಷ್ಟು ಸ್ಪಷ್ಟವಾದ ವ್ಯವಸ್ಥೆಯಿದ್ದೂ ಕಲಹ ಹೇಗೆ ಹುಟ್ಟಿತೆಂಬುದು ವಿಚಾರಣೀಯ. ಚೀಟಿಯನ್ನು ಬರೆಯುವುದು ಮನುಷ್ಯನಲ್ಲ, ಸರ್ವರು. ಅದು ತನ್ನಲ್ಲಿರುವ ಪ್ರತ್ಯಯಗಳ ಪಟ್ಟಿಯನ್ನು ನೋಡಿ ಬರೆಯುತ್ತದೆ. ಜಗತ್ತಿನಲ್ಲಿ ಬಹು ಪ್ರಚಾರದಲ್ಲಿದ್ದ ಅಪಾಚೆ ಎಂಬ ಸರ್ವರು, ಪಟ್ಟಿಯಲ್ಲಿಲ್ಲದ ಪ್ರತ್ಯಯವು ಬಂದಾಗ ಆಕ್ಟೆಟ್-ಸ್ಟ್ರೀಮ್ ಎನ್ನುವುದಕ್ಕೆ ಬದಲಾಗಿ 'ಟೆಕ್ಸ್ಟ್/ಪ್ಲೇನ್', ಎಂದರೆ ಸಾಧಾರಣ ಲಿಖಿತಪಾಠ, ಎಂದು ಬರೆದುಬಿಡುತ್ತಿತ್ತು. ತಿಳಿಯದುದನ್ನು ತಿಳಿದಂತೆ ಹೇಳುವ ಈ ಅಭ್ಯಾಸವು ೨೦೧೨ರಲ್ಲಿ ಹೊರಬಂದ ಅದರ ೨.೪ನೆಯ ಆವೃತ್ತಿಯವರೆಗೂ ನಡೆದುಬಂದಿತು. ಫಲವಾಗಿ ಹೊಸ ಪ್ರತ್ಯಯದ ಚಿತ್ರವನ್ನೋ ಒತ್ತಿಟ್ಟ ಕಡತವನ್ನೋ ಕೇಳಿದ ವಾಚಕನ ಮುಂದೆ ಹುಚ್ಚು ಚಿಹ್ನೆಗಳ ಮಳೆ ಸುರಿಯುತ್ತಿತ್ತು.

ಇದನ್ನು ಕಂಡು ಮೈಕ್ರೋಸಾಫ್ಟಿನವರ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರು ಚೀಟಿಯನ್ನು ಪಕ್ಕಕ್ಕಿಟ್ಟು ಕಡತದ ಮೊದಲ ೨೫೬ ಬೈಟುಗಳನ್ನು ತಾನೇ ಪರೀಕ್ಷಿಸುವ ಕ್ರಮವನ್ನು ಹಿಡಿಯಿತು. ಇದಕ್ಕೆ 'ಸ್ನಿಫಿಂಗ್', ಎಂದರೆ ಮೂಸಿನೋಡುವಿಕೆ, ಎಂದು ಹೆಸರಾಯಿತು. ವಾಚಕರಿಗೆ ತತ್ಕಾಲದ ಅನುಕೂಲವೇನೋ ಆಯಿತು. ಆದರೆ ಸರ್ವರನ್ನು ನಡೆಸುವವರು ತಮ್ಮ ಪುಟಗಳು ಆ ಬ್ರೌಸರಿನಲ್ಲಿ ಸರಿಯಾಗಿ ಕಾಣುವುದನ್ನು ನೋಡಿ ಚೀಟಿಗಳನ್ನು ತಿದ್ದುವ ಗೋಜಿಗೇ ಹೋಗಲಿಲ್ಲ. ಚೀಟಿಗಳು ತಪ್ಪಾಗಿಯೇ ಉಳಿದುದರಿಂದ ಬೇರೆ ಬ್ರೌಸರುಗಳೂ ಮೂಸಿನೋಡದೆ ವಿಧಿಯಿಲ್ಲವಾಯಿತು. ಲಿಪಿಕಾರನ ತಪ್ಪನ್ನು ಓದುಗನು ಮೌನವಾಗಿ ಸರಿಪಡಿಸಿಕೊಂಡು ಓದುತ್ತ ಹೋದರೆ ತಪ್ಪುಪಾಠವೇ ಪ್ರತಿಯಿಂದ ಪ್ರತಿಗೆ ಇಳಿದುಬರುವಂತೆ ಇದೂ ಆಯಿತು.

ಅಸಡ್ಡೆಯಷ್ಟೇ ಇದರ ದೋಷವಾಗಿದ್ದರೆ ಕ್ಷಮಿಸಬಹುದಾಗಿತ್ತು. ಅಪಾಯವಿರುವುದು ಬೇರೆಡೆ. ಎಚ್‌ಟಿಎಂಎಲ್ ಪುಟಕ್ಕೆ ಚಿತ್ರಕ್ಕಾಗಲಿ ಸಾಧಾರಣ ಪಾಠಕ್ಕಾಗಲಿ ಇಲ್ಲದ ಒಂದು ಅಧಿಕಾರವುಂಟು. ಅದರೊಳಗಿನ ಸ್ಕ್ರಿಪ್ಟ್ ಎಂಬ ಆಜ್ಞಾಸಮೂಹವು, ಆ ತಾಣದಲ್ಲಿ ವಾಚಕನಿಗೆ ಯಾವ ಯಾವ ಹಕ್ಕುಗಳಿವೆಯೋ ಅವನ್ನೆಲ್ಲ ಅವನ ಹೆಸರಿನಲ್ಲಿಯೇ ಚಲಾಯಿಸಬಲ್ಲದು. ಹೀಗಿರುವಲ್ಲಿ, ಚಿತ್ರವೆಂಬ ಚೀಟಿಯೊಡನೆ ಬಂದ ಕಡತವನ್ನು ಮೂಸಿನೋಡಿ 'ಇದು ಎಚ್‌ಟಿಎಂಎಲ್' ಎಂದು ಬ್ರೌಸರು ತೀರ್ಮಾನಿಸಿದರೆ, ನಿರ್ಜೀವವಾದುದಕ್ಕೆ ಜೀವವನ್ನೂ ಅಧಿಕಾರವನ್ನೂ ತಾನಾಗಿಯೇ ಕೊಟ್ಟಂತಾಗುತ್ತದೆ.

ಈ ಅಪಾಯವನ್ನು ಆಡಮ್ ಬಾರ್ಥ್, ಹುವಾನ್ ಕಬಯೇರೊ, ಡಾನ್ ಸಾಂಗ್ ಎಂಬ ಮೂವರು ವಿದ್ವಾಂಸರು ೨೦೦೯ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟ ರೀತಿಯು ವಿದ್ವತ್ಪತ್ರಿಕೆಗಳ ವಾಚಕರಿಗೆ ವಿಶೇಷವಾಗಿ ರುಚಿಸತಕ್ಕದ್ದು. ವಿದ್ವತ್ಸಮ್ಮೇಲನಗಳಿಗೆ ಬರುವ ಪ್ರಬಂಧಗಳನ್ನು ಪರೀಕ್ಷಕರು ಜಾಲದ ಮೂಲಕವೇ ಓದಿ ಅಂಕವನ್ನೂ ಅಭಿಪ್ರಾಯವನ್ನೂ ದಾಖಲಿಸುವ ಏರ್ಪಾಡೊಂದುಂಟು. ಅದಕ್ಕೆ ಕಳುಹಿಸಬಹುದಾದ ಒಂದು ಪ್ರಬಂಧವನ್ನು ಅವರು ಪೋಸ್ಟ್‌ಸ್ಕ್ರಿಪ್ಟ್ ಎಂಬ ಮುದ್ರಣಸಂಕೇತದಲ್ಲಿ ಸಿದ್ಧಪಡಿಸಿದರು. ಮುದ್ರಣಯಂತ್ರಕ್ಕೆ ಅದು ನಿರ್ದೋಷವಾದ ಪೋಸ್ಟ್‌ಸ್ಕ್ರಿಪ್ಟ್. ಆದರೆ ಅದರ ಆರಂಭದ ಭಾಗದಲ್ಲಿ ಎಚ್‌ಟಿಎಂಎಲಿನ ಕೆಲವು ಪದಗಳನ್ನು ಅಡಗಿಸಿಡಲಾಗಿದ್ದಿತು. ಪರೀಕ್ಷಕನು ಅಂದಿನ ಎಕ್ಸ್‌ಪ್ಲೋರರಿನಲ್ಲಿ ಅದನ್ನು ತೆರೆದೊಡನೆ ಬ್ರೌಸರು ಅದನ್ನು ಪುಟವೆಂದೇ ಬಗೆಯುವುದು. ಒಳಗಿನ ಸ್ಕ್ರಿಪ್ಟ್ ಎಚ್ಚೆತ್ತು, ಪರೀಕ್ಷಕನ ಹಕ್ಕಿನಿಂದಲೇ, ಪ್ರಬಂಧಕ್ಕೆ ಉನ್ನತವಾದ ಅಂಕವನ್ನು ದಾಖಲಿಸಿಬಿಡುವುದು! ತನ್ನನ್ನು ತಾನೇ ವಿಮರ್ಶಿಸಿ ಮೆಚ್ಚಿಕೊಳ್ಳುವ ಪ್ರಬಂಧಗಳು ಸಾಹಿತ್ಯಪ್ರಪಂಚದಲ್ಲಿ ಅಪೂರ್ವವಲ್ಲವಾದರೂ ಇಷ್ಟು ಅಕ್ಷರಶಃ ಹಾಗೆ ಮಾಡಿದುದು ಬಹುಶಃ ಬೇರೊಂದಿಲ್ಲ. ಇಂತಹ ಇಬ್ಬಗೆಯ ಕಡತಗಳನ್ನು ಆ ವಿದ್ವಾಂಸರು ಗೋಸುಂಬೆಗೆ ಹೋಲಿಸಿದರು.

ಅವರು ಮೂಸಿನೋಡುವಿಕೆಯನ್ನು ಪೂರ್ತಿ ನಿಷೇಧಿಸಲಿಲ್ಲ; ಅದಕ್ಕೆ ಎರಡು ಮೇರೆಗಳನ್ನು ಹಾಕಿದರು. ಒಂದು, ಚೀಟಿಯು ಹೇಳಿದುದಕ್ಕಿಂತ ಹೆಚ್ಚಿನ ಅಧಿಕಾರವುಳ್ಳ ಪ್ರಕಾರಕ್ಕೆ ಯಾವ ಕಡತವನ್ನೂ ಏರಿಸಕೂಡದು. ಎರಡು, ಒಂದು ಪ್ರಕಾರದ ಆದಿಚಿಹ್ನೆಗೆ ಹೊಂದುವ ಕಡತವು ಮತ್ತೊಂದರ ಚಿಹ್ನೆಗೂ ಹೊಂದುವಂತಿರಕೂಡದು. ಗೂಗಲ್ ಸಂಸ್ಥೆಯವರ ಕ್ರೋಮ್ ಬ್ರೌಸರು ಈ ಸೂಚನೆಗಳನ್ನು ಅಂಗೀಕರಿಸಿತು. ಎಕ್ಸ್‌ಪ್ಲೋರರಿನ ೮ನೆಯ ಆವೃತ್ತಿಯೂ ಚಿತ್ರವೆಂಬ ಚೀಟಿಯುಳ್ಳುದನ್ನು ಪುಟವಾಗಿ ಏರಿಸುವುದನ್ನು ನಿಲ್ಲಿಸಿತು. ಅದಲ್ಲದೆ 'ನೋಸ್ನಿಫ್' ಎಂಬೊಂದು ಪದವನ್ನು ಚೀಟಿಯ ಜೊತೆಗೆ ಸೇರಿಸಿ, 'ಮೂಸದಿರು' ಎಂದು ಸರ್ವರು ಆಜ್ಞಾಪಿಸುವುದಕ್ಕೂ ಅವಕಾಶಮಾಡಿತು. ಈ ಪದವು ಇಂದು ಎಲ್ಲ ಮುಖ್ಯ ಬ್ರೌಸರುಗಳಿಗೂ ಮಾನ್ಯವಾಗಿದೆ.

ಈಗ ಬ್ರೌಸರುಗಳು ಅನುಸರಿಸತಕ್ಕ ಕ್ರಮವು ವಾಟ್‌ಡಬ್ಲ್ಯುಜಿ ಎಂಬ ಮಂಡಲಿಯ ನಿಬಂಧನೆಯಲ್ಲಿ ಬರಹಕ್ಕೆ ಇಳಿದಿದೆ. ಚೀಟಿಯೇ ಪ್ರಮಾಣ, ಚೀಟಿಯಿಲ್ಲದಲ್ಲಿ ಮೊದಲ ೧೪೪೫ ಬೈಟುಗಳವರೆಗೆ ನೋಡಬಹುದು, ಚಿತ್ರವೆಂದು ಬಂದುದರಲ್ಲಿ ಅದು ಜಿಫ್ ಚಿತ್ರವೋ ಪಿಎನ್‌ಜಿ ಚಿತ್ರವೋ ಎಂದು ಒಳಗೆ ನೋಡಿ ತಿದ್ದಿಕೊಳ್ಳಬಹುದು, ಏಕೆಂದರೆ ಎರಡೂ ಸಮಾನವಾಗಿ ನಿರುಪದ್ರವಿಗಳು. ಅಪಾಚೆಯ ಹಳೆಯ ತಪ್ಪಿಗೆ ಕೊಟ್ಟಿರುವ ಪರಿಹಾರವಂತೂ ಗ್ರಂಥಸಂಪಾದಕರು ಮೆಚ್ಚತಕ್ಕ ಸೂಕ್ಷ್ಮತೆಯುಳ್ಳದು. ಟೆಕ್ಸ್ಟ್/ಪ್ಲೇನ್ ಎಂಬ ಚೀಟಿಯನ್ನು ಸಂದೇಹಿಸಲು ಅನುಮತಿಯಿರುವುದು ಅದು ನಾಲ್ಕೇ ನಾಲ್ಕು ನಿಯತರೂಪಗಳಲ್ಲಿ ಬಂದಾಗ ಮಾತ್ರ. ಅವುಗಳಲ್ಲಿ ಎರಡಕ್ಕೆ ಇರುವ ಭೇದವು ಲಿಪಿಸಂಕೇತದ ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆದಿದೆಯೋ ಸಣ್ಣಕ್ಷರಗಳಲ್ಲಿ ಬರೆದಿದೆಯೋ ಎಂಬಷ್ಟೇ. ಆ ರೂಪಗಳು ಯಂತ್ರವು ತಾನಾಗಿ ಬರೆಯುತ್ತಿದ್ದುವು. ಅನ್ಯರೂಪದಲ್ಲಿದ್ದರೆ ಯಾರೋ ಬುದ್ಧಿಪೂರ್ವಕವಾಗಿ ಬರೆದುದೆಂದು ಗೌರವಿಸಬೇಕು. ಸಂದೇಹಿಸಿದರೂ ಸಿಗುವ ಸ್ವಾತಂತ್ರ್ಯವು ಅಲ್ಪವೇ: 'ಇದು ಪಾಠವಲ್ಲ, ಬೈಟುರಾಶಿ' ಎಂದು ಇಳಿಸಬಹುದು, ಎಚ್‌ಟಿಎಂಎಲ್ ಎಂದು ಏರಿಸುವಂತಿಲ್ಲ. ಒಬ್ಬ ಲಿಪಿಕಾರನ ರೂಢಿಯ ತಪ್ಪನ್ನು ಅದರ ಆಕಾರದಿಂದಲೇ ಗುರುತಿಸಿ ಅಷ್ಟಕ್ಕೆ ಮಾತ್ರ ತಿದ್ದುಪಡಿಯನ್ನು ಸೀಮಿತಗೊಳಿಸುವ ಸಂಪಾದನಕ್ರಮವೇ ಇದು.

ಇಲ್ಲಿ ಒಂದು ಆಕ್ಷೇಪವುಂಟು. ತಪ್ಪು ಚೀಟಿಯನ್ನು ಬರೆದವನು ಕಳುಹಿಸಿದವನು; ಕಟ್ಟುನಿಟ್ಟಿನ ಶಿಕ್ಷೆ ಮಾತ್ರ ಓದುವವನಿಗೆ; ಇದು ನ್ಯಾಯವೆ? ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ತನ್ನ ಮುಂದೆ ಕಂಡ ಅವಾಚ್ಯವಾದ ಪುಟದಿಂದ ವಾಚಕನಿಗೆ ಆಗುವುದು ಬೇಸರ ಮಾತ್ರ. ತಿಳಿಯದೆ ತನ್ನ ಹೆಸರಿನಲ್ಲಿ ನಡೆದುಹೋದ ಕಾರ್ಯದಿಂದ ಆಗುವುದು ಹಾನಿ. ಬೇಸರಕ್ಕೆ ಪರಿಹಾರವೂ ಸುಲಭ: ಕಡತವನ್ನು ಉಳಿಸಿಕೊಂಡು ಬೇರೆ ಸಾಧನದಲ್ಲಿ ತೆರೆಯಬಹುದು. ಹಾನಿಗೆ ಅಂತಹ ಪರಿಹಾರವಿಲ್ಲ.

ಎರಡನೆಯ ಪ್ರಶ್ನೆಯನ್ನು, ಎಂದರೆ ತಾನೇ ತೋರಿಸಬೇಕೆ ಒಪ್ಪಿಸಬೇಕೆ ಎಂಬುದನ್ನು, ಸಂಕ್ಷೇಪವಾಗಿ ನೋಡಬಹುದು. ೧೯೯೩ರ ಮೊಸಾಯಿಕ್ ಬ್ರೌಸರು ತನಗೆ ತಿಳಿಯದ ಪ್ರಕಾರಗಳನ್ನು 'ಸಹಾಯಕ' ಸಾಧನಗಳಿಗೆ ಒಪ್ಪಿಸುತ್ತಿತ್ತು. ಅನಂತರ ಪ್ಲಗಿನ್ ಎಂಬ ಪರಕೀಯ ಭಾಗಗಳು ಬ್ರೌಸರಿನ ಒಳಗೇ ಮನೆಮಾಡಿದುವು. ಅವುಗಳ ದೋಷಗಳೆಲ್ಲ ಬ್ರೌಸರಿನ ದೋಷಗಳಾದುವು. ಪಿಡಿಎಫ್ ವಿಷಯದಲ್ಲಿ ಈ ಬಾಧೆಯು ತಪ್ಪಿದುದು ಬ್ರೌಸರುಗಳೇ ಅದನ್ನು ಓದಲು ಕಲಿತಮೇಲೆ: ಕ್ರೋಮ್ ೨೦೧೦ರಲ್ಲಿ, ಫೈರ್‌ಫಾಕ್ಸ್ ೨೦೧೩ರಲ್ಲಿ. ಇ-ಪಬ್ಬಿಗೆ ಇಂತಹ ಭಾಗ್ಯ ಬರಲಿಲ್ಲ. ಮೈಕ್ರೋಸಾಫ್ಟ್ ಎಡ್ಜ್ ೨೦೧೭ರಲ್ಲಿ ಅದನ್ನು ತೆರೆಯತೊಡಗಿ ೨೦೧೯ರಲ್ಲಿ ಕೈಬಿಟ್ಟಿತು. ಇ-ಪಬ್ ಒಳಗಿರುವುದು ಬಹುಮಟ್ಟಿಗೆ ಜಾಲಪುಟಗಳ ಭಾಷೆಯೇ ಆಗಿರುವುದರಿಂದ ಇದು ವಿಷಾದಕರ. ಸರ್ವರಿಗೂ ಇಲ್ಲಿ ಒಂದು ಮಾತಿನ ಅವಕಾಶವುಂಟು: 'ಕಂಟೆಂಟ್-ಡಿಸ್ಪೊಸಿಷನ್' ಎಂಬ ಮತ್ತೊಂದು ಚೀಟಿಯಲ್ಲಿ 'ಅಟ್ಯಾಚ್‌ಮೆಂಟ್' ಎಂದು ಬರೆದರೆ ತೋರಿಸದೆ ಉಳಿಸಿಕೊಳ್ಳಬೇಕು. ಅನ್ಯರು ತಂದು ಸೇರಿಸಿದ ಕಡತಗಳನ್ನು ಹಂಚುವ ತಾಣಗಳಿಗೆ ಇದು ರಕ್ಷೆ. ಗ್ರಂಥಭಂಡಾರಗಳು ತಮ್ಮದೇ ಪುಸ್ತಕಗಳಿಗೆ ಹೀಗೆ ಬರೆದು, ಒಂದು ಪುಟವನ್ನು ನೋಡಬಯಸಿದವನ ಮೇಲೆ ಇಡೀ ಸಂಪುಟವನ್ನು ಹೇರುವುದಕ್ಕೆ ಮಾತ್ರ ಕಾರಣ ತೋರದು.

ಮೂರನೆಯ ಪ್ರಶ್ನೆಯು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದುದು. ಯೂನಿಕೋಡಿನ ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟುಗಳು. ಚೀಟಿಯಲ್ಲಿ ಲಿಪಿಸಂಕೇತದ ಹೆಸರಿಲ್ಲದೆ, ಬ್ರೌಸರು ಅದನ್ನು ಪಶ್ಚಿಮ ಯೂರೋಪಿನ ಸಂಕೇತವೆಂದು ಊಹಿಸಿದರೆ, ಪ್ರತಿ ಮೂರು ಬೈಟೂ ಮೂರು ಬೇರೆ ಚಿಹ್ನೆಗಳಾಗುವುವು. ಮೊದಲನೆಯದು ಯಾವಾಗಲೂ ನೆತ್ತಿಯ ಮೇಲೆ ಓರೆಗೆರೆಯುಳ್ಳ ರೋಮನ್ 'ಎ'. ಎರಡನೆಯದು ಮೇಲಕ್ಕೇರಿಸಿದ ಪುಟ್ಟ ೨ ಅಥವಾ ೩. ಸ್ವರವ್ಯಂಜನಗಳಿಗೆ ಪ್ರಾಯಃ ೨. ಉಕಾರ ಎಕಾರಗಳ ಗುರುತು, ಒತ್ತಕ್ಷರವನ್ನು ಕೂಡಿಸುವ ಚಿಹ್ನೆ, ಅಂಕಿಗಳು ಇವುಗಳಿಗೆ ೩. ಈ ಲಕ್ಷಣವನ್ನು ಅರಿತವನು ಕೆಟ್ಟ ಪುಟವನ್ನು ನೋಡಿದೊಡನೆಯೇ ಪಾಠವು ನಷ್ಟವಾಗಿಲ್ಲ, ಓದಿದ ಸಂಕೇತ ಮಾತ್ರ ತಪ್ಪು, ಎಂದು ಹೇಳಬಹುದು.

ಇದಕ್ಕಿಂತ ಭಿನ್ನವಾದ, ಹೆಚ್ಚು ಕಠಿನವಾದ ರೋಗ ಮತ್ತೊಂದುಂಟು. ಯೂನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡದ ಬಹುಪಾಲು ಬರೆಹವನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಿಂದ ಸಿದ್ಧಪಡಿಸಲಾಗುತ್ತಿತ್ತು. ನುಡಿ ತಂತ್ರಾಂಶದ ಹಳೆಯ ಸಂಕೇತದಲ್ಲಿ ಬರೆದ 'ಕನ್ನಡ' ಎಂಬ ಪದವು ಆ ಫಾಂಟಿಲ್ಲದೆಡೆ ರೋಮನ್ 'ಪಿ'ಯಿಂದ ಮೊದಲಾಗಿ, ನಡುವೆ ಬ್ರಿಟಿಷ್ ಪೌಂಡಿನ ಗುರುತನ್ನು ತೋರಿಸುವುದನ್ನು ಕಾಣದವರು ವಿರಳ. ಇಲ್ಲಿ ಬ್ರೌಸರಿನ ತಪ್ಪೇನೂ ಇಲ್ಲ. ಸಂಕೇತದ ದೃಷ್ಟಿಯಿಂದ ಅದು ನಿಜವಾಗಿಯೂ ಪೌಂಡಿನ ಗುರುತೇ. ಅದನ್ನು ನಕಾರವೆನಿಸುತ್ತಿದ್ದುದು ಫಾಂಟಿನ ವೇಷ ಮಾತ್ರ. ಇಂತಹ ಪಾಠವನ್ನು ಬ್ರೌಸರು ಊಹೆಯಿಂದ ಕನ್ನಡಕ್ಕೆ ತಿರುಗಿಸಬೇಕೆಂದು ಕೆಲವರು ಬಯಸುವುದುಂಟು. ಅದು ಉಚಿತವಲ್ಲ, ಫಾಂಟುಗಳು ಅನೇಕ, ಒಂದರ ಸಂಕೇತ ಮತ್ತೊಂದಕ್ಕಿಲ್ಲ. ಪರಿವರ್ತನೆಯು ಮೂಲವನ್ನು ಬಲ್ಲ ಭಂಡಾರದವರು ಒಮ್ಮೆ ಮಾಡಿ ಮುಗಿಸತಕ್ಕ ಕೆಲಸ. ಪಿಡಿಎಫ್ ಮಾಡಿಬಿಟ್ಟರೆ ಸಾಕೆಂಬ ಭಾವನೆಯೂ ಸರಿಯಲ್ಲ. ಹಳೆಯ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಅಂದವಾಗಿ ಕಂಡರೂ, ಯೂನಿಕೋಡಿಗೆ ಹೊಂದಿಸುವ ಕೋಷ್ಟಕವು ಅದರೊಳಗಿಲ್ಲದಿದ್ದರೆ, ಒಂದು ಪದವನ್ನು ಹುಡುಕಿದರೆ ಸಿಗುವುದಿಲ್ಲ. ನಕಲುಮಾಡಿದರೆ ಮತ್ತೆ ಅದೇ ಪೌಂಡಿನ ಗುರುತು. ಪ್ರಯೋಗಗಳನ್ನು ಹುಡುಕುವ ನಿಘಂಟುಕಾರನಿಗೆ ಅದು ಕನ್ನಡದ ಗ್ರಂಥವೇ ಅಲ್ಲ.

ಕೊನೆಯದಾಗಿ, ಕಡತವನ್ನು ಉಳಿಸಿಕೊಂಡಾಗ ಆಗುವ ನಷ್ಟವನ್ನು ಹೇಳಬೇಕು. ಸರ್ವರು ಕಳುಹಿಸಿದ ಚೀಟಿಯು ದಾರಿಯ ಮಟ್ಟಿಗೆ ಮಾತ್ರ. ಉಳಿಸಿಟ್ಟ ಕಡತದೊಡನೆ ಅದು ಗಣಕದೊಳಕ್ಕೆ ಬರುವುದಿಲ್ಲ. ಆಮೇಲೆ ಉಳಿಯುವ ಸಾಕ್ಷಿಗಳು ಹೆಸರಿನ ಪ್ರತ್ಯಯ, ಒಳಗಿನ ಚಿಹ್ನೆ ಇವೆರಡೇ. ಆದಕಾರಣ 'ಪಿಎಚ್‌ಪಿ' ಎಂಬ ವಿಳಾಸದಿಂದ ಬಂದ ಪಿಡಿಎಫ್ ಕಡತವನ್ನು ಉಳಿಸುವಾಗ ಚೀಟಿಗೆ ಅನುಗುಣವಾಗಿ ಪ್ರತ್ಯಯವನ್ನು ತಿದ್ದಿ ಇಡುವುದು ಬ್ರೌಸರಿನ ಕರ್ತವ್ಯ. ಎಚ್‌ಟಿಎಂಎಲ್ ಪುಟವಾದರೆ ಲಿಪಿಸಂಕೇತದ ಹೆಸರನ್ನು ಪುಟದ ಮೊದಲ ೧೦೨೪ ಬೈಟುಗಳ ಒಳಗೇ ಬರೆದಿಡಲು ಸ್ಥಳವಿದೆ. ಸಾಧಾರಣ ಪಾಠಕ್ಕೆ ಆ ಸ್ಥಳವೂ ಇಲ್ಲ. ಅದರ ಆದಿಯಲ್ಲಿ ಇಡಬಹುದಾದುದು ಕಣ್ಣಿಗೆ ಕಾಣದ ಮೂರು ಬೈಟುಗಳ ಒಂದು ಗುರುತು. ಇಂದಿನ ನಿಬಂಧನೆಯಂತೆ ಈ ಗುರುತು ಚೀಟಿಗಿಂತಲೂ ಪ್ರಬಲ. ಅದಿದ್ದರೆ ಚೀಟಿ ಏನೇ ಹೇಳಲಿ, ಪಾಠವನ್ನು ಯುಟಿಎಫ್-೮ ಎಂದೇ ಓದತಕ್ಕದ್ದು. ಕೆಲವು ಹಳೆಯ ಸಾಧನಗಳಲ್ಲಿ ಅದು ಮೂರು ವಿಚಿತ್ರಾಕ್ಷರಗಳಾಗಿ ಮೊದಲ ಸಾಲಿನಲ್ಲಿ ತಲೆಹಾಕುವುದುಂಟು. ಆದರೂ ಕನ್ನಡದ ಸಾಧಾರಣ ಪಾಠಗಳನ್ನು ಹಂಚುವವರು ಅದನ್ನು ಇಡುವುದೇ ಲೇಸು. ಅಂತಹ ಪಾಠದೊಡನೆ ಮನೆಯವರೆಗೂ ಬರುವ ಚೀಟಿ ಅದೊಂದೇ.